ನೀರೊಳಗಿನ ಅರ್ಜುನನ ಬೆನ್ನಲ್ಲಿ ಮುಳ್ಳೆಷ್ಟು?

ದ್ರೌಪದಿ ಸ್ವಯಂವರದ ಮತ್ಸ್ಯಯಂತ್ರದ ಕಥೆ ನಮಗೆಲ್ಲ ಗೊತ್ತು. ಮೇಲೆ ತಿರುಗುವ ಮೀನು, ಕೆಳಗೆ ನೀರು, ನೀರಿನ ಪ್ರತಿಬಿಂಬ ನೋಡ್ಕೊಂಡು ಬಾಣ ಬಿಡುವ ಅರ್ಜುನ. ಇದನ್ನ ಒಮ್ಮೆ ತಲೆಕೆಳಗು ಮಾಡಿ ನೋಡಿ. ಮೀನು ಕೆಳಗೆ ನೀರಲ್ಲಿದೆ, ಗುರಿ ಮೇಲೆ ಎಲೆಯ ತುದಿಯಲ್ಲಿ ಕೂತ ಹುಳ, ಬಾಣ ಬಿಡೋದು ಮೀನು. ಬಾಣ ಅಂದ್ರೆ ಬಾಯಿಂದ ಚಿಮ್ಮುವ ನೀರು. ಇದೇ ಆರ್ಚರ್ ಫಿಶ್, ಬಿಲ್ಲುಗಾರ ಮೀನು.

ಹೋದ ತಿಂಗಳು ಈ ಅಂಕಣದಲ್ಲಿ ಫಿಲ್ಟರ್ ಬಗ್ಗೆ ಬರೆದಾಗ ಓದುಗರೊಬ್ಬರು ಕೇಳಿದ್ರು: "ರೀಲ್ಸ್‌ನಲ್ಲಿ ನೀರು ಉಗುಳೋ ಮೀನು ನೋಡಿದೆ, ಅಂಗಡಿಯಲ್ಲೂ ಇದೆ. ನಮ್ಮ ಎರಡು ಅಡಿ ಟ್ಯಾಂಕಿಗೆ ಜೋಡಿ ತಂದ್ರೆ ನಡೆಯುತ್ತಾ?" ಒಂದೇ ಪದದಲ್ಲಿ ಉತ್ತರ ಹೇಳಬಹುದಿತ್ತು. ಆದ್ರೆ ಈ ಮೀನಿಗೆ ಒಂದು ಪದದ ಉತ್ತರ ಕೊಟ್ರೆ ಅನ್ಯಾಯ ಆಗುತ್ತೆ.

ಮೊದಲು ಅದು ಬಾಣ ಬಿಡೋದು ಹೇಗೆ ಅಂತ ನೋಡೋಣ. ಅದರ ಬಾಯಿಯ ಮೇಲ್ಭಾಗದಲ್ಲಿ, ಅಂಗಳದ ಉದ್ದಕ್ಕೂ ಒಂದು ಕಾಲುವೆಯಂಥ ತಗ್ಗು ಇದೆ. ನಾಲಿಗೆಯನ್ನ ಅದಕ್ಕೆ ಒತ್ತಿದಾಗ ಒಂದು ಸಣ್ಣ ಕೊಳವೆ ತಯಾರು. ಕಿವಿರಿನ ಮುಚ್ಚಳವನ್ನ ಫಟ್ ಅಂತ ಮುಚ್ಚಿದಾಗ ನೀರು ಆ ಕೊಳವೆಯಿಂದ ಹೊರಗೆ ಚಿಮ್ಮುತ್ತೆ. ಹೋಳಿಯ ಪಿಚಕಾರಿ ಇದ್ದ ಹಾಗೆ. ಆದ್ರೆ ಪಿಚಕಾರಿಯ ನೀರು ದೂರ ಹೋದಷ್ಟೂ ಚದುರಿ ಶಕ್ತಿ ಕಳ್ಕೊಳ್ಳುತ್ತೆ. ಇದರದ್ದು ಹಾಗಲ್ಲ. 2012ರಲ್ಲಿ ಇಟಲಿಯ ಆಲ್ಬರ್ಟೊ ವೈಲಾಟಿ ಮತ್ತು ಸಂಗಡಿಗರು ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದಾಗ ಗೊತ್ತಾಗಿದ್ದೇನಂದ್ರೆ, ಹಿಂದಿನಿಂದ ಹೊರಟ ನೀರು ಮುಂದೆ ಹೊರಟ ನೀರಿಗಿಂತ ವೇಗವಾಗಿರುತ್ತೆ. ಹಿಂದಿನದು ಹೋಗಿ ಮುಂದಿನದನ್ನ ಸೇರ್ಕೊಂಡು, ಹುಳಕ್ಕೆ ತಾಗುವ ಹೊತ್ತಿಗೆ ಎಲ್ಲ ಒಂದೇ ದಪ್ಪ ಹನಿಯಾಗಿ ಬಡಿಯುತ್ತೆ. ಪೆಟ್ಟಿನ ಜೋರು ಮೀನಿನ ಸ್ನಾಯುವಿನ ತಾಕತ್ತಿಗಿಂತ ಹೆಚ್ಚು. ಆ ಹೆಚ್ಚುವರಿ ತಾಕತ್ತು ಗಾಳಿಯಲ್ಲಿ ನೀರೇ ಮಾಡಿಕೊಂಡದ್ದು. ಎರಡು ವರ್ಷದ ನಂತರ ಜರ್ಮನಿಯ ಬೈರಾಯ್ಟ್ ವಿಶ್ವವಿದ್ಯಾಲಯದ ಗೆರುಲಿಸ್ ಮತ್ತು ಶೂಸ್ಟರ್ ಇನ್ನೊಂದು ತೋರಿಸಿಕೊಟ್ರು: ಗುರಿ ಎಷ್ಟು ದೂರ ಇದೆ ಅನ್ನೋದಕ್ಕೆ ತಕ್ಕ ಹಾಗೆ ಮೀನು ಬಾಯಿ ತೆರೆಯುವ, ಮುಚ್ಚುವ ಟೈಮಿಂಗನ್ನೇ ಬದಲಾಯಿಸುತ್ತೆ. ಹನಿ ಒಟ್ಟುಗೂಡೋದು ಸರಿಯಾಗಿ ಗುರಿಯ ಹತ್ತಿರವೇ ಆಗಬೇಕಲ್ಲ, ಅದಕ್ಕೆ.

ಇನ್ನು ವಕ್ರೀಭವನ. ಪಿಯುಸಿಯಲ್ಲಿ ಸ್ನೆಲ್ ನಿಯಮ ಉರು ಹೊಡೆದದ್ದು ನೆನಪಿದೆಯಾ? ಲೋಟದ ನೀರಲ್ಲಿ ಸ್ಪೂನ್ ಮುರಿದ ಹಾಗೆ ಕಾಣೋದು. ನೀರೊಳಗಿಂದ ಮೇಲೆ ನೋಡುವ ಮೀನಿಗೆ ಇಡೀ ಹೊರಜಗತ್ತು ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯೊಳಗೆ ಮಡಚಿಕೊಂಡು ಕಾಣುತ್ತೆ. ಹುಳ ಕಾಣುವ ಜಾಗದಲ್ಲಿ ಹುಳ ಇರಲ್ಲ. ಆದ್ರೂ ಇದು ಲೆಕ್ಕ ಹಾಕಿ ಹೊಡೆಯುತ್ತೆ, ನೇರ ಕೆಳಗೆ ಬಂದೇ ಹೊಡೀಬೇಕು ಅಂತೇನಿಲ್ಲ. ಹೊಡೆದ ಹುಳ ನೀರಿಗೆ ಬೀಳುವ ಮೊದಲೇ ಎಲ್ಲಿ ಬೀಳುತ್ತೆ ಅಂತ ಅಂದಾಜು ಮಾಡಿ, ಕಣ್ಣು ಮಿಟುಕಿಸೋದರೊಳಗೆ ಆ ಕಡೆ ತಿರುಗಿ ಹೊರಟುಬಿಡುತ್ತೆ. ಯಾಕಂದ್ರೆ ಪಕ್ಕದಲ್ಲೇ ಇನ್ನೂ ನಾಲ್ಕು ಮೀನು ಅದೇ ಹುಳಕ್ಕೆ ಕಾದಿರುತ್ತವೆ. ಒಬ್ಬ ಹೊಡೆದದ್ದನ್ನ ಇನ್ನೊಬ್ಬ ನುಂಗೋದು ಮೀನುಗಳಲ್ಲೂ ಇದೆ, ಬರೀ ನಮ್ಮ ಆಫೀಸಲ್ಲಿ ಮಾತ್ರ ಅಲ್ಲ.

ಇಷ್ಟು ಕೇಳಿದ ಮೇಲೆ ಯಾರಿಗಾದ್ರೂ ಮನೆಗೆ ತರಬೇಕು ಅನ್ನಿಸುತ್ತೆ. ಅನ್ನಿಸಲಿ. ಆದ್ರೆ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ರೇಟ್ ಅಲ್ಲ. ಇದು ಯಾವ ಆರ್ಚರ್ ಅನ್ನೋದು.

ಅಂಗಡಿಯ ಗಾಜಿನ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದಿರೋದು "ಆರ್ಚರ್" ಅಂತ ಅಷ್ಟೇ. ಡಾಕ್ಯುಮೆಂಟೇಶನ್ ಇಲ್ಲದ ಹಳೇ ಕೋಡ್ ಕೈಗೆ ಬಂದ ಹಾಗೆ. ಒಂದೇ ಹೆಸರಿನಡಿ ಬೇರೆ ಬೇರೆ ಜಾತಿ, ಬೇರೆ ಬೇರೆ ನೀರು. ಕೆಲವು ಕಾಂಡ್ಲಾ ಕಾಡಿನ ಅಳಿವೆಯವು, ಉಪ್ಪು ಬೆರೆತ ನೀರು ಬೇಕು. ಕೆಲವು ಹೊಳೆಯವು, ಸಿಹಿನೀರು ಸಾಕು. ಅಂಗಡಿಯಲ್ಲಿ ಮಾತ್ರ ಎಲ್ಲಾ ಒಂದೇ ಸಿಹಿನೀರಿನ ಟ್ಯಾಂಕಲ್ಲಿ. ಅಳಿವೆಯ ಮೀನು ಸಿಹಿನೀರಲ್ಲಿ ಅವತ್ತೇ ಸಾಯಲ್ಲ, ಅದೇ ಸಮಸ್ಯೆ. ತಿಂಗಳುಗಟ್ಟಲೆ ಇರುತ್ತೆ, ಬಣ್ಣ ಮಂಕಾಗುತ್ತೆ, ಊಟ ಕಮ್ಮಿ ಆಗುತ್ತೆ, ಮೈಮೇಲೆ ಫಂಗಸ್ ಬರುತ್ತೆ. ನಾವು ಔಷಧಿ ಹಾಕ್ತಾ ಇರ್ತೀವಿ. ರೋಗ ಇರೋದು ನೀರಲ್ಲಿ.

ಈ ಮೀನನ್ನ ತಪ್ಪಾಗಿ ಗುರುತಿಸೋದಕ್ಕೆ 260 ವರ್ಷದ ಇತಿಹಾಸವೇ ಇದೆ ಅನ್ನಿ. ಬಟಾವಿಯಾ, ಅಂದ್ರೆ ಇವತ್ತಿನ ಜಕಾರ್ತಾದಲ್ಲಿ, ಡಚ್ಚರ ಆಸ್ಪತ್ರೆ ನೋಡ್ಕೊಳ್ತಿದ್ದ ಹೊಮೆಲ್ ಅನ್ನೋರು ನೀರು ಉಗುಳಿ ನೊಣ ಬೀಳಿಸುವ ಮೀನನ್ನ ತೊಟ್ಟಿಯಲ್ಲಿ ಸಾಕಿ, ಕಡ್ಡಿಗೆ ನೊಣ ಚುಚ್ಚಿ ಆಟ ನೋಡಿ, ವಿವರ ಬರೆದು, ಒಂದು ಮೀನಿನ ಜೊತೆ ಯುರೋಪಿಗೆ ಕಳಿಸಿದ್ರು. 1764ರಲ್ಲಿ ಶ್ಲಾಸರ್ ಅದನ್ನ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ್ರು. ವಿವರ ಸರಿಯಾಗಿತ್ತು, ಆದ್ರೆ ಜೊತೆಗೆ ಬಂದ ಮೀನು ಬೇರೆ! ಅದು ಹವಳದ ದಿಬ್ಬಗಳಲ್ಲಿರುವ ಉದ್ದ ಮೂತಿಯ ಬಟರ್‌ಫ್ಲೈ ಮೀನು. ಅದಕ್ಕೆ ಉಗುಳೋಕೆ ಬರೋದೇ ಇಲ್ಲ. ಮೂತಿ ಕೊಳವೆ ತರ ಇದ್ದದ್ದರಿಂದ ಎಲ್ಲರೂ ನಂಬಿದ್ರು. ಆಮೇಲೆ ನಿಜವಾದ ಮೀನು ತಲುಪಿ, 1767ರಲ್ಲಿ ಪಲ್ಲಾಸ್ ಅದಕ್ಕೆ 'ಜಾಕುಲಾಟ್ರಿಕ್ಸ್' ಅಂತ ಹೆಸರಿಟ್ರು. ಎಸೆಯುವವಳು ಅನ್ನೋ ಅರ್ಥ. ಆದ್ರೂ ಹಳೆಯ ತಪ್ಪು ಪುಸ್ತಕದಿಂದ ಪುಸ್ತಕಕ್ಕೆ ಕಾಪಿ ಪೇಸ್ಟ್ ಆಗ್ತಾ ಬಹಳ ಕಾಲ ಓಡಾಡಿತು.

ಸರಿ, ಗುರುತಿಸೋದು ಹೇಗೆ? ಎಲ್ಲಾ ಆರ್ಚರ್‌ಗಳ ಆಕಾರ ಹೆಚ್ಚುಕಮ್ಮಿ ಒಂದೇ. ಮೂತಿ ಚೂಪು, ಮೂತಿಯಿಂದ ಬೆನ್ನಿನ ಈಜುರೆಕ್ಕೆವರೆಗೂ ಸ್ಕೇಲ್ ಇಟ್ಟ ಹಾಗೆ ನೇರ ಗೆರೆ, ಹೊಟ್ಟೆ ಮಾತ್ರ ಕೆಳಗೆ ಉಬ್ಬಿದೆ, ಬೆನ್ನಿನ ರೆಕ್ಕೆ ತುಂಬಾ ಹಿಂದಕ್ಕೆ ಹೋಗಿದೆ, ದೊಡ್ಡ ಕಣ್ಣು. ನೀರಿನ ಮೇಲ್ಮೈಗೆ ಒತ್ತಿಕೊಂಡು ನಿಲ್ಲೋಕೆ ಮಾಡಿದ ದೇಹ. ಹಾಗಾಗಿ ಆಕಾರ ನೋಡಿ ಜಾತಿ ಹೇಳೋಕಾಗಲ್ಲ. ನೋಡಬೇಕಾದ್ದು ಎರಡು: ಮೈಮೇಲಿನ ಕಪ್ಪು ಗುರುತು ಮತ್ತು ಬೆನ್ನಿನ ಈಜುರೆಕ್ಕೆಯ ಮುಂಭಾಗದ ಗಟ್ಟಿ ಮುಳ್ಳುಗಳು.

ಜಾಕುಲಾಟ್ರಿಕ್ಸ್ ಅಂದ್ರೆ ಪಟ್ಟೆ ಆರ್ಚರ್. ಬೆಳ್ಳಿ ಮೈಮೇಲೆ ನಾಲ್ಕೈದು ಕಪ್ಪು ಪಟ್ಟೆ, ಬೆನ್ನಿನಿಂದ ಕೆಳಗಿಳಿತಾ ಚೂಪಾಗುವ ಬೆಣೆಯ ಹಾಗೆ. ಬೆನ್ನಲ್ಲಿ ಸಾಮಾನ್ಯವಾಗಿ ನಾಲ್ಕು ಮುಳ್ಳು. ಭಾರತದಿಂದ ಹಿಡಿದು ಆಗ್ನೇಯ ಏಷ್ಯಾ ದಾಟಿ ಶಾಂತಸಾಗರದ ದ್ವೀಪಗಳವರೆಗೂ ಕಾಂಡ್ಲಾ ಇರುವ ಕಡೆ ಇದರ ವಾಸ. ಉಪ್ಪು ಬೇಕೇ ಬೇಕು.

ಚಟಾರಿಯಸ್ ಮೈಮೇಲೆ ಪಟ್ಟೆಗಿಂತ ಮಚ್ಚೆ ಅನ್ನೋದು ಸರಿ. ಆರೇಳು ಮಚ್ಚೆ, ಒಂದು ದೊಡ್ಡದು ಒಂದು ಚಿಕ್ಕದು ಅಂತ ಬಿಟ್ಟು ಬಿಟ್ಟು ಬರುತ್ತೆ. ಬೆನ್ನಲ್ಲಿ ಸಾಮಾನ್ಯವಾಗಿ ಐದು ಮುಳ್ಳು. ಅಳಿವೆಯಲ್ಲೂ ಇರುತ್ತೆ, ನದಿಯ ಸಿಹಿನೀರಿಗೂ ಏರುತ್ತೆ. ಇದಕ್ಕೆ ಹೆಸರಿಟ್ಟವರ ಹೆಸರು ಕೇಳಿದ್ರೆ ನಿಮಗೂ ಖುಷಿಯಾಗುತ್ತೆ: ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಟಿಪ್ಪು ಸುಲ್ತಾನ್ ಸತ್ತ ಮಾರನೇ ವರ್ಷ, 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಎಲ್ಲ ಸುತ್ತಿ ನಮ್ಮ ರಾಗಿ, ಅಡಿಕೆ, ಕೆರೆ, ಸಂತೆಗಳ ಬಗ್ಗೆ ಇಂಚಿಂಚಾಗಿ ಬರೆದ ಅದೇ ಬುಕಾನನ್. ಇತಿಹಾಸದ ಪಾಠದಲ್ಲಿ ಬರೋರು. ಮುಂದೆ 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಇವರು ಬರೆದ ಪುಸ್ತಕದಲ್ಲಿ ಈ ಚಟಾರಿಯಸ್ ಇದೆ.

ಇನ್ನು ಮೈಕ್ರೋಲೆಪಿಸ್. ಹೆಸರಲ್ಲೇ ಗುರುತಿದೆ, ಸಣ್ಣ ಹುರುಪೆಯದು ಅಂತ. ಆಗ್ನೇಯ ಏಷ್ಯಾದ ಹೊಳೆಗಳದ್ದು, ಸಿಹಿನೀರಿನದು, ಗಾತ್ರದಲ್ಲೂ ಮೊದಲೆರಡಕ್ಕಿಂತ ಚಿಕ್ಕದು. ಮಯನ್ಮಾರಿನ ಬ್ಲಿಥಿ ಅಂತ ಇನ್ನೊಂದಿದೆ. ಮೋಡ ಕದಡಿದ ಹಾಗೆ ಅಡ್ಡಾದಿಡ್ಡಿ ಕಪ್ಪು ಗೆರೆಗಳು, ಎಡಮೈಗೂ ಬಲಮೈಗೂ ಡಿಸೈನ್ ಬೇರೆ. ಒಮ್ಮೆ ನೋಡಿದ್ರೆ ಮರೆಯಲ್ಲ. ಇದೂ ಸಿಹಿನೀರಿನದು, ರೇಟ್ ಮಾತ್ರ ಉಳಿದವಕ್ಕಿಂತ ತುಂಬಾ ಜಾಸ್ತಿ. ಆಸ್ಟ್ರೇಲಿಯಾದ ಜಾತಿಗಳು ನಮ್ಮ ಅಂಗಡಿಗೆ ಬರೋದು ಬಹಳ ಅಪರೂಪ, ಬಿಟ್ಟುಬಿಡೋಣ.

ಇಲ್ಲೊಂದು ತೊಡಕಿದೆ. 2018ರಲ್ಲಿ ಮಾರಿಸ್ ಕೊಟ್ಟೆಲಾ ಮತ್ತು ಟಾನ್ ಹಿಯೊಕ್ ಹುಯಿ ಅನ್ನುವ ವಿಜ್ಞಾನಿಗಳು ಆಗ್ನೇಯ ಏಷ್ಯಾದ ಸಿಹಿನೀರಿನ ಆರ್ಚರ್‌ಗಳನ್ನ ಮತ್ತೆ ಪರಿಶೀಲಿಸಿ ಮೂರು ಹೊಸ ಜಾತಿ ಹೆಸರಿಸಿದ್ರು: ಸಯಾಮೆನ್ಸಿಸ್, ಮೆಕಾಂಗೆನ್ಸಿಸ್, ಸುಂಡೈಕಸ್. ಹಾಗಾಗಿ ಹಳೆಯ ಪುಸ್ತಕ, ಹಳೆಯ ಫೋಟೋಗಳ ಹೆಸರನ್ನ ಕಣ್ಣುಮುಚ್ಚಿ ನಂಬೋ ಹಾಗಿಲ್ಲ. ಮನೆಯಲ್ಲಿ ಸಾಕೋರಿಗೆ ಲ್ಯಾಟಿನ್ ಹೆಸರಿನ ಕೊನೆಯ ಅಕ್ಷರದವರೆಗೂ ಸರಿಯಾಗಬೇಕು ಅಂತಿಲ್ಲ. ಉಪ್ಪಿನದಾ, ಸಿಹಿನೀರಿನದಾ, ಎಷ್ಟು ದೊಡ್ಡದಾಗುತ್ತೆ, ಇಷ್ಟು ಗೊತ್ತಾದ್ರೆ ಸಾಕು.

ಮುಳ್ಳು ಎಣಿಸೋಕೆ ಮೀನನ್ನ ಹಿಡೀಬೇಡಿ. ಫೋನ್ ಸಾಕು. ಗಾಜಿಗೆ ಸಮಾನಾಂತರವಾಗಿ ಫೋನ್ ಹಿಡಿದು ಸ್ಲೋ ಮೋಷನ್ ಆನ್ ಮಾಡಿ, ಅಂಗಡಿಯವರಿಗೆ ಸ್ವಲ್ಪ ಆಹಾರ ಹಾಕಿ ಅಂತ ಕೇಳಿ. ತಿನ್ನುವ ಗಡಿಬಿಡಿಯಲ್ಲಿ ಒಂದರ ಮೇಲೊಂದು ಜೋರು ತೋರಿಸ್ತಾ ರೆಕ್ಕೆ ನೆಟ್ಟಗೆ ಮಾಡ್ತವೆ. ಆಮೇಲೆ ವಿಡಿಯೋ ನಿಲ್ಲಿಸಿ, ಝೂಮ್ ಮಾಡಿ ಎಣಿಸಿ. ಮೊದಲ ಮುಳ್ಳು ತೀರಾ ಗಿಡ್ಡ, ಅದನ್ನ ಬಿಟ್ಟುಬಿಡೋರೇ ಜಾಸ್ತಿ. ಇನ್ನೊಂದು ಸಂಗತಿ. ಮರಿಗಳ ಬೆನ್ನಮೇಲೆ ಹೊಳೆಯುವ ಹಳದಿ ಚುಕ್ಕೆಗಳಿರುತ್ತವೆ. ಕದಡಿದ ನೀರಲ್ಲಿ ಗುಂಪು ತಪ್ಪಿ ಹೋಗದ ಹಾಗೆ ಒಂದಕ್ಕೊಂದು ಕಾಣೋಕೆ ಅದು. ದೊಡ್ಡದಾದ ಹಾಗೆ ಮಾಯವಾಗುತ್ತೆ. ಅದನ್ನ ನೋಡಿ ಬೇರೆ ಜಾತಿ ಅಂದ್ಕೋಬೇಡಿ, "ಗೋಲ್ಡನ್ ಆರ್ಚರ್" ಅಂತ ಹೆಚ್ಚು ದುಡ್ಡು ಕೇಳಿದ್ರೆ ಕೊಡಲೂಬೇಡಿ.

ನನ್ನ ಟೀಮಿನ ಗೆಳೆಯನೊಬ್ಬ ಆರು ಆರ್ಚರ್ ತಂದಿದ್ದ. ಒಂದೊಂದೂ ಹೆಬ್ಬೆರಳಿನುದ್ದ. "ಮಗಾ, ಎಲ್ಲಾ ಒಂದೇ ಜಾತಿ ಅಂತ ಕೊಟ್ಟ ಕಣೋ, ಆದ್ರೆ ಎರಡು ಮೂಲೆ ಹಿಡಿದು ಕೂತಿವೆ" ಅಂತ ಕರೆದ. ಶನಿವಾರ ಹೋಗಿ ವಿಡಿಯೋ ಮಾಡಿ ಎಣಿಸಿದ್ವಿ. ನಾಲ್ಕಕ್ಕೆ ನಾಲ್ಕು ಮುಳ್ಳು, ಬೆಣೆಯಂಥ ಪಟ್ಟೆ. ಮೂಲೆಯಲ್ಲಿದ್ದ ಎರಡಕ್ಕೆ ಐದೈದು, ದೊಡ್ಡ ಚಿಕ್ಕ ಮಚ್ಚೆ. ಅಂದ್ರೆ ನಾಲ್ಕು ಜಾಕುಲಾಟ್ರಿಕ್ಸ್, ಎರಡು ಚಟಾರಿಯಸ್. ಅದೃಷ್ಟಕ್ಕೆ ಎರಡೂ ಅಳಿವೆ ನೀರಿಗೆ ಹೊಂದಿಕೊಳ್ಳುವಂಥವು, ಹಾಗಾಗಿ ಉಪ್ಪು ಹಾಕೋದು ಅಂತ ತೀರ್ಮಾನ ಆಯ್ತು. ಬದಲಿಗೆ ಅವೆರಡು ಮೈಕ್ರೋಲೆಪಿಸ್ ಆಗಿದ್ದಿದ್ರೆ ಎರಡು ಟ್ಯಾಂಕ್ ಇಡಬೇಕಿತ್ತು.

ಮೂಲೆ ಹಿಡಿಯೋದಕ್ಕೆ ಕಾರಣ ಗಾತ್ರ. ಆ ಎರಡು ಉಳಿದವಕ್ಕಿಂತ ಚಿಕ್ಕವಿದ್ವು. ಆರ್ಚರ್‌ಗಳಲ್ಲಿ ದೊಡ್ಡದು ಚಿಕ್ಕದನ್ನ ಓಡಿಸುತ್ತೆ, ತೀರಾ ಚಿಕ್ಕದಿದ್ರೆ ತಿಂದೂಬಿಡುತ್ತೆ. ತರೋದಾದ್ರೆ ಐದಾರು, ಎಲ್ಲಾ ಒಂದೇ ಸೈಜಿನವು. ಜೋಡಿ ಅನ್ನೋದು ಈ ಮೀನಿಗೆ ಅತಿ ಕೆಟ್ಟ ಸಂಖ್ಯೆ. ಎರಡೇ ಇದ್ರೆ ಒಂದು ರೌಡಿ, ಇನ್ನೊಂದು ಪ್ರಾಣ ಬಿಡುವವರೆಗೂ ಏಟು ತಿನ್ನೋದು.

ಈಗ ಟ್ಯಾಂಕಿನ ಲೆಕ್ಕಕ್ಕೆ ಬರೋಣ. ಜಾಕುಲಾಟ್ರಿಕ್ಸ್ ಕಾಡಿನಲ್ಲಿ 30 ಸೆಂಟಿಮೀಟರ್ ತನಕ, ಚಟಾರಿಯಸ್ 40ರ ತನಕವೂ ಬೆಳೆಯಬಹುದು. ಟ್ಯಾಂಕಲ್ಲಿ ಸಾಮಾನ್ಯವಾಗಿ ಅಷ್ಟಾಗಲ್ಲ, 15ರಿಂದ 20 ಅಂದ್ಕೊಳ್ಳಿ. ಅಂಥ ಐದಾರು ಮೀನಿಗೆ ನಾನು ಹೇಳೋದು 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಇದನ್ನ ಪೂರ್ತಿ ತುಂಬಿಸೋ ಹಾಗಿಲ್ಲ. ಮೇಲೆ ಅರ್ಧ ಅಡಿಯಾದ್ರೂ ಗಾಳಿ ಬೇಕು, ಇಲ್ಲಾಂದ್ರೆ ಬಾಣ ಎಲ್ಲಿಗೆ ಬಿಡೋದು? ಒಂದೂವರೆ ಅಡಿ ನೀರು ಅಂದ್ರೆ 15 ಘನ ಅಡಿ, ಸುಮಾರು 425 ಲೀಟರ್. ಅಂದ್ರೆ 425 ಕೆಜಿ ನೀರು. 12 ಎಂಎಂ ಗಾಜೇ ನೂರು ಕೆಜಿ ಹತ್ತಿರ. ಸ್ಟ್ಯಾಂಡು, ಮರಳು ಸೇರಿದ್ರೆ 600 ಕೆಜಿ ದಾಟುತ್ತೆ, ಅದೂ 10 ಚದರ ಅಡಿ ಜಾಗದಲ್ಲಿ. ನಮ್ಮಲ್ಲಿ ವಾಸದ ಮನೆಯ ನೆಲವನ್ನ ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಆಸುಪಾಸಿನ ಬಳಕೆ ಭಾರಕ್ಕೆ ಡಿಸೈನ್ ಮಾಡ್ತಾರೆ. ಇಲ್ಲಿ ಅದರ ಮೂರು ಪಟ್ಟು ಆಯ್ತು. ಹಾಗಂತ ನೆಲ ಕುಸಿದೇ ಹೋಗುತ್ತೆ ಅಂತಲ್ಲ, ಭಾರ ಚಿಕ್ಕ ಜಾಗದಲ್ಲಿದೆ, ಸುತ್ತ ಹಂಚಿಕೊಳ್ಳುತ್ತೆ. ಆದ್ರೆ ಬೀಮ್ ಇರುವ ಗೋಡೆಗೆ ಒತ್ತಿ ಇಡಿ, ರೂಮಿನ ನಡುವೆ ಬೇಡ, ಬಾಲ್ಕನಿಯಲ್ಲಂತೂ ಬೇಡವೇ ಬೇಡ. ಸಿವಿಲ್ ಓದಿದ ಕ್ಲಾಸ್‌ಮೇಟ್ ಒಬ್ಬರಾದ್ರೂ ನಿಮಗಿರ್ತಾರೆ, ಒಂದು ಕಾಫಿ ಕೊಡಿಸಿ ತೋರಿಸಿ.

ಮುಚ್ಚಳ ಬಿಗಿಯಾಗಿರಬೇಕು. ಈ ಮೀನು ಉಗುಳೋದು ಮಾತ್ರ ಅಲ್ಲ, ಹುಳ ಹತ್ತಿರ ಇದ್ರೆ ನೆಗೆದೇ ಹಿಡಿಯುತ್ತೆ. ಲೈಟು ನೀರು ತಾಗದ ಹಾಗೆ ಸೀಲ್ ಆದ ಎಲ್‌ಇಡಿ ಆಗಿರಲಿ. ಹೊಳೆಯೋದೆಲ್ಲ ಇದಕ್ಕೆ ಗುರಿ. ಪ್ಲಗ್ ಪಾಯಿಂಟ್ ಟ್ಯಾಂಕಿನ ಪಕ್ಕದಲ್ಲಿ ಬೇಡ, ವೈರು ಒಮ್ಮೆ ಕೆಳಗಿಳಿದು ಆಮೇಲೆ ಮೇಲೇರಿ ಸಾಕೆಟ್ ಸೇರಲಿ. ಹನಿ ವೈರು ಹಿಡಿದು ಜಾರಿದ್ರೂ ನೆಲಕ್ಕೆ ಬೀಳುತ್ತೆ, ಸಾಕೆಟ್‌ಗೆ ಹೋಗಲ್ಲ.

ಉಪ್ಪು. ಅಡುಗೆ ಉಪ್ಪಲ್ಲ. ಅದರಲ್ಲಿರೋದು ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪಿಎಚ್ ಹಿಡಿದಿಡುವ ಕಾರ್ಬೊನೇಟ್ ಎಲ್ಲ ಇರುತ್ತೆ, ಅದಕ್ಕೆ ಮೆರೈನ್ ಸಾಲ್ಟ್ ಮಿಕ್ಸೇ ಬೇಕು. ರಿಫ್ರಾಕ್ಟೋಮೀಟರ್ ಒಂದು ಕೊಂಡ್ಕೊಳ್ಳಿ. ಸ್ಪೆಸಿಫಿಕ್ ಗ್ರಾವಿಟಿ 1.005 ಹತ್ತಿರ ಇಟ್ರೆ ಸಾಕು, ಲೀಟರಿಗೆ ಸುಮಾರು 7 ಗ್ರಾಂ ಉಪ್ಪು. 425 ಲೀಟರಿಗೆ 3 ಕೆಜಿ. ವಾರಕ್ಕೆ ಕಾಲುಭಾಗ ನೀರು ಬದಲಾಯಿಸಿದ್ರೆ ಪ್ರತಿ ಸಲ ಮುಕ್ಕಾಲು ಕೆಜಿ, ತಿಂಗಳಿಗೆ ಮತ್ತೆ 3 ಕೆಜಿ. ಮೀನಿನ ರೇಟಿಗಿಂತ ಈ ತಿಂಗಳ ಖರ್ಚು ನೋಡಿ ನಿರ್ಧಾರ ಮಾಡಿ. ಅಂಗಡಿಯ ಸಿಹಿನೀರಿಂದ ಬಂದ ಮೀನಿಗೆ ಒಂದೇ ದಿನ ಪೂರ್ತಿ ಉಪ್ಪು ಸುರಿಯಬೇಡಿ, ವಾರಕ್ಕೆ 0.002ರಷ್ಟು ಏರಿಸಿ. ಮೀನಿಗಿಂತ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಆ ಸಮಯ ಹೆಚ್ಚು ಬೇಕು. ಮತ್ತೊಂದು, ಬೇಸಿಗೆಯಲ್ಲಿ ನೀರು ಆವಿಯಾಗಿ ಕಮ್ಮಿಯಾದಾಗ ಬರೀ ಸಿಹಿನೀರು ತುಂಬಿಸಿ. ಆವಿಯಾಗೋದು ನೀರು, ಉಪ್ಪು ಅಲ್ಲೇ ಇರುತ್ತೆ. ಮತ್ತೆ ಉಪ್ಪುನೀರೇ ಹಾಕ್ತಾ ಹೋದ್ರೆ ಎರಡು ತಿಂಗಳಲ್ಲಿ ಟ್ಯಾಂಕು ಉಪ್ಪಿನಕಾಯಿ ಜಾಡಿ.

ಬೆಂಗಳೂರಿನವರು ಸಾಮಾನ್ಯವಾಗಿ ಬಯ್ಯುವ ಗಡಸು ಬೋರ್‌ವೆಲ್ ನೀರು ಇಲ್ಲಿ ಉಪಯೋಗಕ್ಕೆ ಬರುತ್ತೆ. ಇವಕ್ಕೆ ಪಿಎಚ್ 7ರಿಂದ 8, ಗಡಸು ನೀರೇ ಇಷ್ಟ. ನಲ್ಲಿ ನೀರಾದ್ರೆ ಕ್ಲೋರಿನ್ ತೆಗೆಯೋ ದ್ರಾವಣ ಹಾಕಿ. ಆರ್‌ಒ ನೀರನ್ನ ಹಾಗೇ ಬಳಸಬೇಡಿ, ಅದರಲ್ಲಿ ಏನೂ ಉಳಿದಿರಲ್ಲ. ಉಷ್ಣತೆ 25ರಿಂದ 30 ಡಿಗ್ರಿ, ಡಿಸೆಂಬರ್ ರಾತ್ರಿಗಳಿಗೆ ಒಂದು ಹೀಟರ್ ಇರಲಿ. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಕೂಡ.

ಊಟದ ವಿಷಯದಲ್ಲಿ ಒಂದು ಸ್ಥಳೀಯ ಎಚ್ಚರಿಕೆ. ಇವು ಮೇಲ್ಮೈಯಲ್ಲಿ ತಿನ್ನುವ ಮೀನು, ತಳಕ್ಕೆ ಬಿದ್ದದ್ದನ್ನ ಅಷ್ಟಾಗಿ ಕೇಳಲ್ಲ. ತೇಲುವ ಪೆಲ್ಲೆಟ್, ಕತ್ತರಿಸಿದ ಸೀಗಡಿ, ಹಕ್ಕಿ ಅಂಗಡಿಯಲ್ಲಿ ಸಿಗುವ ಮೀಲ್‌ವರ್ಮ್ ಒಳ್ಳೇದು. ಅದನ್ನ ಮೇಲಿನ ಗಾಜಿಗೆ ಒಳಗಿಂದ ಅಂಟಿಸಿದ್ರೆ ಹೊಡೆದು ಬೀಳಿಸಿ ತಿನ್ನುತ್ತವೆ. ಮನೆಯ ಜಿರಳೆ ಮಾತ್ರ ಕೊಡಬೇಡಿ. ಪಕ್ಕದ ಮನೆಯವರು ಸ್ಪ್ರೇ ಹೊಡೆದಿರ್ತಾರೆ, ಅದರ ಮೈಯಲ್ಲಿ ವಿಷ ಇರುತ್ತೆ. ಸೊಳ್ಳೆ ಓಡಿಸೋ ಲಿಕ್ವಿಡ್, ಕಾಯಿಲ್‌ಗಳಲ್ಲಿರುವ ಪೈರೆಥ್ರಾಯ್ಡ್ ನಮಗೆ ಅಷ್ಟೇನೂ ಅಲ್ಲ, ಮೀನಿಗೆ ಘೋರ ವಿಷ. ಏರ್ ಪಂಪ್ ಇರುವ ರೂಮಲ್ಲಿ ಹಚ್ಚಿದ್ರೆ ಆ ಗಾಳಿಯನ್ನೇ ಪಂಪ್ ಎಳೆದು ನೀರಿಗೆ ತುಂಬುತ್ತೆ. ಸೊಳ್ಳೆ ಪರದೆ ಕಟ್ಕೊಳ್ಳಿ. ಮೊದಲ ಮಳೆಗೆ ಟ್ಯೂಬ್‌ಲೈಟ್ ಸುತ್ತ ಮುತ್ತುವ ಈಸಲು ಹುಳ ಇದೆಯಲ್ಲ, ಸ್ಪ್ರೇ ಹೊಡೆಯದ ಮನೆಯಾದ್ರೆ ಅವತ್ತು ನಿಮ್ಮ ಆರ್ಚರ್‌ಗಳಿಗೆ ಹಬ್ಬ.

ಗೆಳೆಯನ ಮನೆಯಲ್ಲಿ ಊಟ ಹಾಕೋ ಕೆಲಸ ದಾವಣಗೆರೆಯಿಂದ ಬಂದಿದ್ದ ಅವನಮ್ಮನದ್ದಾಯ್ತು. ಮುಚ್ಚಳ ತೆಗೆದು ಬಗ್ಗಿದಾಗ ಅವರ ಮೂಗುಬೊಟ್ಟಿಗೇ ಗುರಿ. "ನೋಡಪ್ಪಾ ನಿನ್ ಮೀನ್ ನನ್ ಮುಖಕ್ಕೆ ಉಗೀತತಿ" ಅಂತ ಬೈಯ್ತಾನೇ ದಿನಾ ಹಾಕೋರು. ಆಮೇಲಾಮೇಲೆ ಅವರು ಬಂದ್ರೆ ಆರೂ ಮುಂದೆ ಬಂದು ನಿಲ್ಲುತ್ತಿದ್ವು, ಅವನು ಬಂದ್ರೆ ಇಲ್ಲ. ಇದು ಬರೀ ಅಮ್ಮನ ಕಲ್ಪನೆ ಅಲ್ಲ. 2016ರಲ್ಲಿ ಆಕ್ಸ್‌ಫರ್ಡ್ ಮತ್ತು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಸ್ಕ್ರೀನ್ ಮೇಲೆ ಮನುಷ್ಯರ ಮುಖ ತೋರಿಸಿ, ಕಲಿಸಿದ ಮುಖಕ್ಕೆ ಮಾತ್ರ ನೀರು ಉಗುಳೋಕೆ ಆರ್ಚರ್‌ಗಳಿಗೆ ಅಭ್ಯಾಸ ಮಾಡಿಸಿದ್ರು. 44 ಹೊಸ ಮುಖಗಳ ನಡುವೆ ತೋರಿಸಿದಾಗಲೂ 81 ಶೇಕಡಾ ಸರಿಯಾಗಿ ಹೊಡೆದ್ವು. ಬಣ್ಣ, ತಲೆಯ ಆಕಾರ ಎಲ್ಲ ಅಳಿಸಿ ಒಂದೇ ಥರ ಮಾಡಿದ ಚಿತ್ರಗಳಲ್ಲಿ 86 ಶೇಕಡಾ.

ಇಲ್ಲೇ ನನಗೆ ಮುಜುಗರ ಆಗೋದು. ಮುಖ ನೆನಪಿಡುವ, ಬೇರೆ ಮೀನು ಹೊಡೆಯೋದನ್ನ ನೋಡಿಯೇ ಕಲಿಯುವ ಜೀವ ಇದು. ಇದನ್ನ ಮನೆಯಲ್ಲಿ ಮರಿ ಮಾಡಿಸೋದು ಬಹಳ ಅಪರೂಪ. ಅಂಗಡಿಗೆ ಬರೋ ಬಹುತೇಕ ಆರ್ಚರ್ ಯಾವುದೋ ಅಳಿವೆಯಲ್ಲಿ ಬಲೆ ಹಾಕಿ ಹಿಡಿದದ್ದು, ಕೋಲ್ಕತ್ತಾದ ಗಲಿಫ್ ಸ್ಟ್ರೀಟೋ ಚೆನ್ನೈನ ಕೊಳತ್ತೂರೋ ಅಂಥ ದೊಡ್ಡ ಮಾರ್ಕೆಟ್ ದಾಟಿ ಪ್ಲಾಸ್ಟಿಕ್ ಚೀಲದಲ್ಲಿ ಬಂದದ್ದು. ಹಾಗಾಗಿ ತರಲೇಬೇಡಿ ಅಂತ ನಾನು ಹೇಳಲ್ಲ. ಕಾಂಡ್ಲಾ ಕಾಡು ಕಡಿಯೋದು ಈ ಮೀನಿಗೆ ಮಾಡುವಷ್ಟು ಕೆಡುಕನ್ನ ಐದಾರು ಹವ್ಯಾಸಿಗಳು ಮಾಡಲ್ಲ ಅನ್ನೋದು ನನ್ನ ಅನಿಸಿಕೆ. ಆದ್ರೆ ತಂದ ಮೇಲೆ ಚೆನ್ನಾಗಿ ನೋಡಿದ್ರೆ ಐದರಿಂದ ಎಂಟು ವರ್ಷ, ಇನ್ನೂ ಹೆಚ್ಚೇ ಬದುಕುತ್ತೆ. ನಮ್ಮ ಬಾಡಿಗೆ ಕರಾರು 11 ತಿಂಗಳದ್ದು. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಾಯಿಸ್ತೀವಿ. ಮಧ್ಯದಲ್ಲಿ ಮದುವೆ, ಆನ್‌ಸೈಟ್, ಓನರ್ ಮಗ ಅಮೆರಿಕದಿಂದ ವಾಪಸ್ ಬಂದ ಅಂತ ಮನೆ ಖಾಲಿ ಮಾಡಿಸೋದು. 600 ಕೆಜಿ ಟ್ಯಾಂಕನ್ನ ಮೂರನೇ ಮಹಡಿಯಿಂದ ಇಳಿಸಿ ಇನ್ನೊಂದು ಮನೆಯ ಎರಡನೇ ಮಹಡಿಗೆ ಏರಿಸೋದು ಹೇಗೆ ಅಂತ ಮೀನು ತರೋ ಮುಂಚೆ ಯೋಚಿಸಿ.

ಗೆಳೆಯನಿಗೂ ಅದೇ ಆಯ್ತು. ವರ್ಷ ತುಂಬೋದರೊಳಗೆ ಪುಣೆಯಲ್ಲಿ ಒಳ್ಳೆ ಆಫರ್. ಆರು ಮೀನೂ ಆಗ ಅಂಗೈ ಅಗಲ ಬೆಳೆದಿದ್ವು. ಕೆರೆಗೆ ಬಿಡೋಣ್ವಾ ಅಂತ ಅಕ್ಕಪಕ್ಕದವರು ಸಲಹೆ ಕೊಟ್ರು. ಎಂದಿಗೂ ಆ ಕೆಲಸ ಮಾಡಬೇಡಿ. ಅಳಿವೆಯ ಮೀನಿಗೆ ನಮ್ಮ ಕೆರೆ ಊರಲ್ಲ, ಟ್ಯಾಂಕಿನ ರೋಗ ಕೆರೆಯ ಮೀನಿಗೆ ಅಂಟುತ್ತೆ. ಎರಡು ತಿಂಗಳು ವಿಚಾರಿಸಿ, ಮೋನೋ ಮತ್ತು ಸ್ಕ್ಯಾಟ್ ಮೀನುಗಳಿದ್ದ ಆರಡಿ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದ ಮೈಸೂರಿನ ಒಬ್ಬರನ್ನ ಹುಡುಕಿದ್ವಿ. ಮೋನೋ, ಸ್ಕ್ಯಾಟ್ ಎರಡೂ ಅಳಿವೆಯ ಮೀನುಗಳೇ, ಅದೇ ನೀರು ಆಗುತ್ತೆ. ಅಲ್ಲಿಗೆ ಹೋದ ಮೇಲೆ ಎರಡು ದಿನ ಊಟ ಮಾಡಲಿಲ್ಲವಂತೆ, ಮೂರನೇ ದಿನ ಶುರು ಮಾಡಿದ್ವು. ಹೊಸ ಆಫರ್‌ಗೆ ಸಹಿ ಹಾಕಿದ್ದಕ್ಕಿಂತ ಆ ಮೂರನೇ ದಿನದ ಮೆಸೇಜಿಗೆ ಅವನು ಹೆಚ್ಚು ನಿರಾಳವಾದ.

ಈಗ ಓದುಗರ ಪ್ರಶ್ನೆ. ಎರಡು ಅಡಿ ಟ್ಯಾಂಕಿಗೆ ಆರ್ಚರ್ ಜೋಡಿ ಬೇಡ. ಸ್ವಂತ ಮನೆ, 5 ಅಡಿ ಜಾಗ, ತಿಂಗಳಿಗೆ 3 ಕೆಜಿ ಉಪ್ಪು, ನೀವಿಲ್ಲದಾಗ ನೋಡ್ಕೊಳ್ಳೋಕೆ ಒಬ್ಬರು, ಇಷ್ಟೂ ಇದ್ರೆ ಆಮೇಲೆ ಮುಳ್ಳು ಎಣಿಸೋಕೆ ಹೋಗಿ. ಅಲ್ಲಿಯವರೆಗೆ ಆ ಎರಡು ಅಡಿಗೆ ಎಂಟು ಹತ್ತು ಜೀಬ್ರಾ ಡಾನಿಯೋ ಬಿಡಿ. ನಮ್ಮ ಉಪಖಂಡದ್ದೇ ಮೀನು, ಸಾಕಣೆಯಲ್ಲೇ ಮರಿಯಾಗಿ ಬರುತ್ತೆ, ಹೀಟರ್ ಕೂಡ ಬೇಡ, ಮನೆ ಬದಲಾಯಿಸುವಾಗ ಬಕೆಟ್ಟಲ್ಲಿ ಬರುತ್ತೆ. ಅದು ಉಗುಳಲ್ಲ, ನಿಜ. ಆದ್ರೆ ಬೆಳಗಿನ ಸ್ಟ್ಯಾಂಡಪ್ ಕಾಲ್‌ನಲ್ಲಿ ಕ್ಯಾಮೆರಾ ಹಿಂದೆ ಓಡಾಡ್ತಿದ್ರೆ ಮ್ಯಾನೇಜರ್ ಕೂಡ ಎರಡು ನಿಮಿಷ ಸುಮ್ಮನಾಗ್ತಾರೆ.